ತಕ್ಕಡಿ ಮೇಷ್ಟ್ರು ತಲೆಯಾಡಿಸಿದ ಶುಕ್ರವಾರ

ಮಹಾಪುರುಷರೆಂದ ಮೇಲೆ ಏನನ್ನಾದರೂ ಮುರಿಯಲೇಬೇಕು. ಒಬ್ಬರು ಬಿಲ್ಲು ಮುರಿಯುತ್ತಾರೆ, ಇನ್ನೊಬ್ಬರು ಕೋಟೆಯ ಬಾಗಿಲು ಮುರಿಯುತ್ತಾರೆ, ಏನೂ ಸಿಗದವರು ಶತ್ರುವಿನ ಸೊಂಟವನ್ನಾದರೂ ಮುರಿಯುತ್ತಾರೆ. ನಮ್ಮ ಕಥಾನಾಯಕರು ಸೀಮೆಸುಣ್ಣ ಮುರಿಯುತ್ತಿದ್ದರು. ಅವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ತರಗತಿಗೆ ಬಂದವರೇ ಡಬ್ಬಿಯಿಂದ ಹೊಸದೊಂದು ಸೀಮೆಸುಣ್ಣ ತೆಗೆದು, ಎರಡೂ ಕೈಗಳ ಬೆರಳತುದಿಯಲ್ಲಿ ಹಿಡಿದು, ಕಣ್ಣು ಅರೆಮುಚ್ಚಿ ಟಕ್ಕೆನಿಸಿದರೆ ಎರಡು ತುಂಡು. ಎರಡೂ ಸಮ. ಎಷ್ಟು ಸಮವೆಂದರೆ, ವಿಜ್ಞಾನದ ಮೇಡಂ ಒಮ್ಮೆ ಅನುಮಾನ ಬಂದು ಎರಡನ್ನೂ ಪ್ರಯೋಗಾಲಯದ ತಕ್ಕಡಿಯಲ್ಲಿಟ್ಟರಂತೆ. ಮುಳ್ಳು ಅಲುಗಲಿಲ್ಲವಂತೆ. ತಕ್ಕಡಿ ಕೆಟ್ಟಿರಬೇಕೆಂದು ಅದನ್ನು ರಿಪೇರಿಗೆ ಕಳಿಸಿದರಂತೆ. ರಿಪೇರಿಯವನು ಬೈದು ವಾಪಸು ಕಳಿಸಿದನಂತೆ. ಆವತ್ತಿನಿಂದ ಅವರು ತಕ್ಕಡಿ ಮೇಷ್ಟ್ರು.

ಮುರಿದ ತುಂಡುಗಳಿಗೆ ಕೆಲಸವಿತ್ತು. ಕಪ್ಪುಹಲಗೆಯ ನಟ್ಟನಡುವೆ ಒಂದು ಗೆರೆ, ಎಡಗಡೆ ‘ಹೌದು’, ಬಲಗಡೆ ‘ಅಲ್ಲ’. ಒಂದು ತುಂಡು ಎಡಕ್ಕೆ, ಇನ್ನೊಂದು ಬಲಕ್ಕೆ. ಗಂಟೆ ಹೊಡೆಯುವ ಹೊತ್ತಿಗೆ ಒಂದು ತುಂಡು ಉದ್ದ ಉಳಿದಿದ್ದರೆ, ಆ ಪಕ್ಷಕ್ಕೆ ಅನ್ಯಾಯವಾಯಿತೆಂದು ತಡಬಡಾಯಿಸಿ ಮತ್ತೊಂದು ಅಂಶ ಹುಡುಕಿ ಬರೆಯುತ್ತಿದ್ದರು. ಅವರು ಯಾರಿಗೆ ವೋಟು ಹಾಕುತ್ತಾರೆ ಎಂಬುದು ಊರಿನ ದೊಡ್ಡ ಒಗಟು. ಅವರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವರು. ಅಂಟಿಸಿದ ಲಕೋಟೆಯನ್ನು ಮುಟ್ಟಿಯೇ ಒಳಗಿರುವುದು ಮದುವೆಯ ವಿಷಯವೋ ಜಗಳದ ವಿಷಯವೋ ಹೇಳಬಲ್ಲವರು. ಈ ಒಂದು ಲಕೋಟೆ ಮಾತ್ರ ಅವರಿಗೂ ಬಗೆಹರಿದಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪು ಸಾಕೇ ಎಂದು ಕೇಳಿದರೆ, ಒಂದು ದೃಷ್ಟಿಯಿಂದ ನೋಡಿದರೆ ಸಾಕು ಎಂದು ಮೇಷ್ಟ್ರು ಆರಂಭಿಸುತ್ತಿದ್ದರು. ಎರಡನೆಯ ದೃಷ್ಟಿ ಬರುವುದರೊಳಗೆ ಹೆಂಡತಿ ಉಪ್ಪಿನ ಡಬ್ಬಿಯನ್ನು ತಟ್ಟೆಯ ಪಕ್ಕ ಕುಕ್ಕಿ ಒಳಗೆ ಹೋಗಿರುತ್ತಿದ್ದರು.

ಇಂಥ ಸಮತೋಲನದ ಅವತಾರಪುರುಷ ಒಂದೇ ಒಂದು ಜಾಗದಲ್ಲಿ ವಾಲುತ್ತಿದ್ದರು. ಅದು ಊರ ಹೊಳೆಯ ಸೇತುವೆ. ದಿನಾ ಬೆಳಗ್ಗೆ ವಾಕಿಂಗಿಗೆ ಆ ಸೇತುವೆ ದಾಟಬೇಕು. ಎಡಗಡೆ ನೋಡಿದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಗೋಡೆ, ಅದರಿಂದ ಹೊಳೆಗೆ ಬಾಯಿ ತೆರೆದ ದಪ್ಪ ಕೊಳವೆ. ಬಲಗಡೆ ನೋಡಿದರೆ ನಾಲ್ಕಾರು ಮರ, ಒಂದಿಷ್ಟು ಹಕ್ಕಿ. ಮೇಷ್ಟ್ರು ಬಲಗಡೆ ನೋಡಿಕೊಂಡೇ ದಾಟುತ್ತಿದ್ದರು. ಜೋರು ಮಳೆ ಬಂದ ಮಾರನೆಯ ಬೆಳಗ್ಗೆಯಂತೂ ಕುತ್ತಿಗೆ ಹಿಡಿದುಕೊಂಡವರ ಹಾಗೆ ಬಲಕ್ಕೇ ತಿರುಗಿರುತ್ತಿದ್ದರು. ಕಾರಣವನ್ನು ಯಾರೂ ಕೇಳಿರಲಿಲ್ಲ. ಅವರೂ ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ.

ಶುಕ್ರವಾರದ ಕೊನೆಯ ಪಿರಿಯಡ್ಡಿಗೆ ಮಕ್ಕಳಿಟ್ಟ ಹೆಸರು ಅದಲುಬದಲು. ಮೇಷ್ಟ್ರು ಹೊರಗೆ ಜನ ಕಿತ್ತಾಡುತ್ತಿರುವ ಯಾವುದಾದರೂ ವಿಷಯ ತರುತ್ತಿದ್ದರು. ವೋಟು ಹಾಕದವರಿಗೆ ದಂಡ ಬೇಕೇ, ಬೀದಿಬೀದಿಗೆ ಕ್ಯಾಮೆರಾ ಬೇಕೇ, ಅಂಥವು. ಮೊದಲು ಎಲ್ಲರೂ ತಮ್ಮ ಪಕ್ಷಕ್ಕೆ ಕೈ ಎತ್ತಬೇಕು. ಎತ್ತಿದ ಮೇಲೆ ಎದುರು ಪಕ್ಷಕ್ಕೆ ಹೋಗಿ ಕೂತು, ತಾನು ಒಪ್ಪದ ಮಾತನ್ನು ಒಪ್ಪುವಂತೆ ವಾದಿಸಬೇಕು. ನಮ್ಮ ವೈರಿಯ ತಲೆಯೊಳಗೆ ಹೊಕ್ಕು ಬಂದವನು ಅವನನ್ನು ಹೊಡೆಯಲು ಹೋಗುವುದಿಲ್ಲ ಎಂಬುದು ಮೇಷ್ಟ್ರ ಸಿದ್ಧಾಂತ. ಒಳ್ಳೆಯ ಸಿದ್ಧಾಂತವೇ. ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಸ್ವಲ್ಪವೆಂದರೆ, ಶುಕ್ರವಾರ ಸಂಜೆ ಮನೆಗೆ ಬರುವಾಗ ಎದೆ ಸೈಕಲ್ಲಿನ ಹ್ಯಾಂಡಲ್ಲಿಗಿಂತ ಮುಂದಿರುವಷ್ಟು.

ಆ ವರ್ಷ ಪುರಸಭೆಯ ಚುನಾವಣೆ ಬಂತು. ಊರು ಎರಡು ಹೋಳಾಯಿತು. ಒಬ್ಬ ಅಭ್ಯರ್ಥಿ ಬಣ್ಣದ ಕಾರ್ಖಾನೆ ಮುಚ್ಚಿಸುತ್ತೇನೆ, ಹೊಳೆ ಉಳಿಸುತ್ತೇನೆ ಎಂದ. ಇನ್ನೊಬ್ಬ ಕಾರ್ಖಾನೆ ಉಳಿಸುತ್ತೇನೆ, ಅನ್ನ ಉಳಿಸುತ್ತೇನೆ ಎಂದ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ವಾದ ಮಾಡುತ್ತ ಎದ್ದುಹೋಗುವ ಮಟ್ಟಕ್ಕೆ ಬಂತು. ಇದಕ್ಕಿಂತ ಒಳ್ಳೆಯ ಅದಲುಬದಲು ಎಲ್ಲಿ ಸಿಗಬೇಕು? ಮುಖ್ಯೋಪಾಧ್ಯಾಯಿನಿ ಮಾತ್ರ ಮೇಷ್ಟ್ರನ್ನು ಕರೆಸಿ, ಈ ವಿಷಯ ಬೇಡ, ನಮ್ಮ ಬೆಂಚುಗಳನ್ನು ಮಾಡಿಸಿಕೊಟ್ಟವರು ಕಾರ್ಖಾನೆಯವರು ಎಂದರು. ಮೇಷ್ಟ್ರು ಅದೇ ಬೆಂಚಿನ ಮೇಲೆ ಕೂತುಕೊಂಡು, ಎರಡೂ ಕಡೆಯಿಂದ ಸಮವಾಗಿ ಹೇಳಿಸುತ್ತೇನೆ, ನಾನೇನೂ ಹೇಳುವುದಿಲ್ಲ ಎಂದರು. ಕೊನೆಯ ಎರಡು ಪದಗಳು ಆಮೇಲೆ ಅವರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಳ್ಳಲಿದ್ದವು. ಸದ್ಯಕ್ಕೆ ಸಲೀಸಾಗಿ ಹೊರಬಂದವು.

ಶುಕ್ರವಾರ ಬಂತು. ಸೀಮೆಸುಣ್ಣ ಮುರಿಯಿತು. ಕಾರ್ಖಾನೆಯ ಸೂಪರ್‌ವೈಸರನ ಮಗ ವಾಸನೆ ತಡೆಯಲಾರದೆ ಮುಚ್ಚಬೇಕು ಎಂದು ಕೈ ಎತ್ತಿ, ಮುಚ್ಚಬಾರದು ಎಂಬ ಕಡೆಗೆ ಹೋದ. ಮೂರನೆಯ ಬೆಂಚಿನ ಹುಡುಗಿ ಮುಚ್ಚಬಾರದು ಎಂದು ಕೈ ಎತ್ತಿ, ಮುಚ್ಚಬೇಕು ಎಂಬ ಕಡೆಗೆ ಬಂದಳು. ಹಾಜರಿ ಕರೆದಾಗ ಅವಳು ‘ಪ್ರೆಸೆಂಟ್’ ಎನ್ನುವುದು ಪಕ್ಕದವಳಿಗೂ ಕೇಳಿಸುತ್ತಿರಲಿಲ್ಲ. ಅವಳ ಅಪ್ಪ ಆ ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿ ತೊಳೆಯುವ ಕೆಲಸಗಾರ. ಇದು ಮೇಷ್ಟ್ರಿಗೆ ಗೊತ್ತಿತ್ತು.

ಅವಳು ಮೊದಲು ಪತ್ರಿಕೆಯಲ್ಲಿ ಓದಿದ ನಾಲ್ಕು ಮಾತನ್ನು ನೆಲ ನೋಡಿಕೊಂಡು ಒಪ್ಪಿಸಿದಳು. ಮೇಷ್ಟ್ರು ತಮ್ಮ ಪ್ರಸಿದ್ಧ ಬಾಣ ಹೂಡಿದರು. ‘ಇದು ಪೇಪರಿನವರು ಹೇಳಿದ್ದು. ನಿನ್ನ ಕಣ್ಣಿಗೆ ಕಂಡದ್ದೇನು, ಅದನ್ನ ಹೇಳು’ ಎಂದರು. ಹುಡುಗಿ ತಲೆ ಎತ್ತಿ ಅವರನ್ನು ನೋಡಿದಳು. ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು. ಹೇಳಲೇ, ಹೇಳಬಹುದೇ, ಏನೂ ಆಗುವುದಿಲ್ಲ ತಾನೇ, ಎಂದು. ಮೇಷ್ಟ್ರು ತಲೆಯಾಡಿಸಿದರು.

‘ನಮ್ಮಪ್ಪ ತೊಟ್ಟಿ ತೊಳೆಯೋದು’ ಎಂದಳು ಹುಡುಗಿ. ಕೊನೆಯ ಬೆಂಚಿಗೂ ಕೇಳಿಸಿತು. ‘ಬೇರೆ ದಿನ ಆ ನೀರನ್ನ ಶುದ್ಧ ಮಾಡೋ ಕಡೆ ಬಿಡ್ತಾರೆ. ಜೋರು ಮಳೆ ಬಂದ ದಿನ ನೇರ ಹೊಳೆಗೆ ಬಿಡಿಸ್ತಾರೆ. ಮಳೆನೀರಲ್ಲಿ ಬಣ್ಣ ಗೊತ್ತಾಗಲ್ಲ ಅಂತ. ಆ ದಿನ ಅಪ್ಪ ಮನೆಗೆ ಬಂದರೆ ಕೈಕಾಲು ತೊಳ್ಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾರೆ. ನಾವ್ಯಾರೂ ಮಾತಾಡಿಸಲ್ಲ. ಕಾರ್ಖಾನೆ ಮುಚ್ಚಿದ್ರೆ ನಮ್ಮನೇಲಿ ಒಲೆ ಹತ್ತಲ್ಲ, ಅದು ನನಗೆ ಗೊತ್ತು. ಗೊತ್ತಿದ್ದೂ ಮುಚ್ಚಬೇಕು ಅಂತೀನಿ. ಯಾಕಂದ್ರೆ ಅಪ್ಪ ಗೋಡೆ ಕಡೆ ಮುಖ ಮಾಡೋದನ್ನ ನೋಡಕ್ಕಾಗಲ್ಲ.’

ಎದುರು ಪಕ್ಷದ ನಾಯಕನಾಗಿದ್ದ ಸೂಪರ್‌ವೈಸರನ ಮಗ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಮೇಷ್ಟ್ರ ಕಣ್ಣು ತುಂಬಿತು. ಹುಡುಗಿಗೆ ಪೂರ್ತಿ ಅಂಕ ಕೊಟ್ಟು, ಹ್ಯಾಂಡಲ್ಲಿಗಿಂತ ಎರಡು ಗೇಣು ಮುಂದಿದ್ದ ಎದೆಯೊಂದಿಗೆ ಮನೆಗೆ ಬಂದರು. ಹೆಂಡತಿಗೆ ಮೊದಲಿಂದ ಕೊನೆವರೆಗೆ ಅಭಿನಯಸಹಿತ ಹೇಳಿದರು. ಆಕೆ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

‘ಅವರಪ್ಪ ಎಲ್ಲಿ ಕೆಲಸ ಮಾಡೋದು ಅಂದ್ರಿ?’

ಮೇಷ್ಟ್ರು ಹೇಳಿದರು. ಹೆಂಡತಿ ಮತ್ತೆ ನಲ್ಲಿ ತಿರುಗಿಸಿದರು. ಆ ನೀರಿನ ಸದ್ದಿನಲ್ಲಿ ನಮ್ಮ ನಾಯಕರ ಎದೆ ಮೊದಲ ಬಾರಿಗೆ ಅಂಗಿಯೊಳಕ್ಕೆ ಹಿಂದೆ ಸರಿಯಿತು.

ಸೂಪರ್‌ವೈಸರನ ಮಗ ಕೆಟ್ಟವನಲ್ಲ. ತಾನು ಸೋತದ್ದನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳಿಕೊಳ್ಳುವಷ್ಟು ಒಳ್ಳೆಯವನು. ಎಂಥಾ ಹುಡುಗಿ ಗೊತ್ತೇನಪ್ಪ ಎಂದು ಆರಂಭಿಸಿ, ಮಳೆ, ತೊಟ್ಟಿ, ಗೋಡೆ ಎಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಅಪ್ಪ ಊಟ ಬಿಟ್ಟು ಎದ್ದು ಫೋನು ಹಿಡಿದುಕೊಂಡು ಹೊರಗೆ ಹೋದದ್ದು ಯಾಕೆಂದು ಅವನಿಗೆ ತಿಳಿಯಲಿಲ್ಲ.

ಮುಂದಿನ ವಾರ ಮೇಷ್ಟ್ರ ಹೆಂಡತಿ ಕೆಲಸದಿಂದ ಬಂದು ಚೀಲ ಇಳಿಸುತ್ತ, ಆ ಹುಡುಗಿಯ ಅಪ್ಪ ನಡುಮಧ್ಯಾಹ್ನ ಅಂಚೆ ಕಚೇರಿಗೆ ಬಂದಿದ್ದರೆಂದು ಹೇಳಿದರು. ಬೇರೆ ಊರಿನ ಕಾರ್ಖಾನೆಗೆ ಅರ್ಜಿ ರಿಜಿಸ್ಟರ್ ಮಾಡಿಸಿದರಂತೆ. ಇಲ್ಲಿ ಕರೆದಾಗ ಬಾ, ಅಲ್ಲಿವರೆಗೆ ಬರಬೇಡ ಎಂದಿದ್ದಾರಂತೆ. ಅಂಚೆಚೀಟಿ ಅಂಟಿಸುವಾಗ ಅಂಟೆಲ್ಲ ಬೆರಳಿಗಾಯಿತಂತೆ. ‘ರೀ, ನೀವು ಒಪ್ಪದಿದ್ದರೂ ಒಂದು ಮಾತು’ ಎಂದರು ಆಕೆ. ‘ಇದಕ್ಕೆ ಎರಡು ಕಡೆ ಇಲ್ಲ.’

ಅಲ್ಲಿಂದ ಮೇಷ್ಟ್ರ ಮನಸ್ಸಿನೊಳಗೆ ಮಹಾಯುದ್ಧ. ನಾನೇನೂ ಹೇಳಲಿಲ್ಲವಲ್ಲ ಎಂದು ಒಂದು ಸೈನ್ಯ ನುಗ್ಗುತ್ತಿತ್ತು. ತಲೆಯಾಡಿಸಿದೆಯಲ್ಲ ಎಂದು ಇನ್ನೊಂದು ಸೈನ್ಯ ಅದನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಮಾರನೆಯ ಬೆಳಗ್ಗೆ ಸೇತುವೆಯ ಮೇಲೆ ಕಾಲು ತಾನಾಗಿ ನಿಂತಿತು. ರಾತ್ರಿ ಮಳೆ ಬಂದಿತ್ತು. ಮೇಷ್ಟ್ರು ಕುತ್ತಿಗೆಯನ್ನು ತುಕ್ಕು ಹಿಡಿದ ಬೋಲ್ಟಿನಂತೆ ತಿರುಗಿಸಿ ಎಡಗಡೆ ನೋಡಿದರು. ಕೊಳವೆಯ ಕೆಳಗೆ ಹೊಳೆ ನೇರಳೆ ಬಣ್ಣಕ್ಕಿತ್ತು. ಅವರಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗದೆ ಇದ್ದದ್ದೇ ಅವರನ್ನು ಸಾಯಿಸಿತು. ಎಂದೋ ಕಂಡದ್ದು ಅದು, ಕಂಡದ್ದರಿಂದಲೇ ಬಲಕ್ಕೆ ತಿರುಗಿದ ಕುತ್ತಿಗೆ ಅದು. ತಲೆ ನರೆತ, ಯಾರೂ ಕೀಳಲಾಗದ ಕೆಲಸವಿದ್ದ ಗಂಡಸು ಬಾಯಿಬಿಟ್ಟು ಹೇಳಲಾರದ ಮಾತನ್ನು, ಪ್ರೆಸೆಂಟ್ ಅನ್ನಲೂ ಹೆದರುವ ಹುಡುಗಿಯ ಬಾಯಿಂದ ಹೊರಡಿಸಿ ಮೇಲೆ ಪೂರ್ತಿ ಅಂಕ ಬೇರೆ ಕೊಟ್ಟಿದ್ದರು.

ಅಂದು ಸಂಜೆ ಹುಡುಗಿಯ ಮನೆಗೆ ಹೋದರು. ಒಂದು ಕೋಣೆ, ಅದರ ಹಿಂದೆ ಪರದೆ, ಪರದೆಯ ಹಿಂದೆ ಅಡುಗೆ. ಇದ್ದ ಒಂದೇ ಕುರ್ಚಿಯನ್ನು ಅಪ್ಪ ಟವೆಲ್ಲಿನಿಂದ ಒರೆಸಿ ಮೇಷ್ಟ್ರಿಗೆ ಕೊಟ್ಟು, ತಾನು ಮಂಚದ ಅಂಚಿನಲ್ಲಿ ಕೂತ. ಅವನ ಉಗುರುಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ನೀಲಿಯಿತ್ತು. ಮೇಷ್ಟ್ರು ಬೈಗುಳ ಎದುರುನೋಡುತ್ತಿದ್ದರು. ಎರಡು ಬೈದಿದ್ದರೆ ಹಗುರವಾಗಿ ಎದ್ದು ಬರಬಹುದಿತ್ತು. ಅಪ್ಪ ದನಿ ತಗ್ಗಿಸಿ ಕೇಳಿದ್ದೇ ಬೇರೆ.

‘ಚೆನ್ನಾಗಿ ಮಾತಾಡಿದ್ಲಂತಲ್ಲ ಸರ್? ಮನೇಲಿ ಬಾಯೇ ಬಿಡಲ್ಲ.’

ತುಂಬಾ ಚೆನ್ನಾಗಿ ಎಂದರು ಮೇಷ್ಟ್ರು. ಅಪ್ಪನ ಮುಖ ಅರಳಿತು. ಪರದೆಯ ಹಿಂದೆ ಒಂದು ಪಾತ್ರೆ ಬೇಕಿದ್ದಕ್ಕಿಂತ ಜೋರಾಗಿ ನೆಲಕ್ಕೆ ಕೂತಿತು. ಹುಡುಗಿಯ ಅಮ್ಮ ಹೊರಗೆ ಬರಲಿಲ್ಲ. ತನ್ನ ಪಕ್ಷವನ್ನು ಪಾತ್ರೆಯಿಂದಲೇ ಮಂಡಿಸುತ್ತಿದ್ದಳು. ಅಪ್ಪ ಕೈ ಹಿಸುಕಿಕೊಳ್ಳುತ್ತ, ಮ್ಯಾನೇಜರು ಒಳ್ಳೆಯವರೇ, ಒಂದು ದಾರಿ ತೋರಿಸಿದ್ದಾರೆ ಎಂದ. ಮಗು ಏನೋ ಚಪ್ಪಾಳೆಗೋಸ್ಕರ ಕಥೆ ಕಟ್ಟಿ ಹೇಳಿತು ಎಂದು ಮೇಷ್ಟ್ರು ಬಂದು ಒಂದು ಮಾತು ಹೇಳಿದರೆ, ಮಾರನೆಯ ದಿನವೇ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರಂತೆ.

‘ನಾನು ಕಥೆ ಕಟ್ಟಿಲ್ಲ’ ಎಂದಳು ಬಾಗಿಲಲ್ಲಿ ನಿಂತಿದ್ದ ಹುಡುಗಿ.

ಯಾರೂ ಅವಳ ಕಡೆ ನೋಡಲಿಲ್ಲ. ಮೇಷ್ಟ್ರು ಕುರ್ಚಿಯಿಂದ ಎದ್ದು, ನೋಡುತ್ತೇನೆ ಎಂದರು. ಹೇಳಿದರೆ ಅಪ್ಪನಿಗೆ ಕೆಲಸ, ಮಗಳು ಸುಳ್ಳಿ. ಹೇಳದಿದ್ದರೆ ಮಗಳು ಸತ್ಯವಂತೆ, ಒಲೆ ಹತ್ತುವುದಿಲ್ಲ. ಜೀವಮಾನವಿಡೀ ಹಲಗೆಗೆ ನಡುಗೆರೆ ಎಳೆದವರು ಈಗ ತಾವೇ ಆ ಗೆರೆಯ ಮೇಲೆ ನಿಂತಿದ್ದರು. ಅಲ್ಲಿ ಎರಡು ಕಾಲಿಡಲು ಜಾಗವಿಲ್ಲವೆಂಬುದು ಆಗ ತಿಳಿಯಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಕಾರ್ಖಾನೆಗೆ ದಂಡೆತ್ತಿ ಹೋದರು. ಆಯುಧವಾಗಿ ಕೈಯಲ್ಲೊಂದು ಛತ್ರಿ, ಕಾವಲುಗಾರ ಅದನ್ನೂ ಗೇಟಿನಲ್ಲಿ ಇಸಿದುಕೊಂಡ. ಮ್ಯಾನೇಜರ ಕೋಣೆಯಲ್ಲಿ ತಣ್ಣನೆಯ ಗಾಳಿ, ಗಾಜಿನ ಮೇಜು, ಗೋಡೆಗೆ ಬಣ್ಣಬಣ್ಣದ ಬಟ್ಟೆಯ ಮಾದರಿ. ಮ್ಯಾನೇಜರು ಎದ್ದು ಕೈಕುಲುಕಿ ಕಾಫಿ ತರಿಸಿದರು. ತಾವೂ ಶಾಲೆಯಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದವರೆಂದೂ, ಮಕ್ಕಳು ಉತ್ಸಾಹದಲ್ಲಿ ಏನೇನೋ ಸೇರಿಸುತ್ತಾರೆಂದೂ, ಅದು ಕಲ್ಪನೆ ಎಂದು ಮೇಷ್ಟ್ರು ಒಂದು ಮಾತು ಅಂದುಬಿಟ್ಟರೆ ಮುಗಿಯಿತೆಂದೂ ನಗುನಗುತ್ತಾ ಹೇಳಿದರು.

ಮೇಷ್ಟ್ರು ದಾರಿಯುದ್ದಕ್ಕೂ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅದು ಗಾಜಿನ ಮೇಜು ಕಂಡೊಡನೆ ಮಾಯವಾಯಿತು. ಕಾಫಿ ಕಪ್ಪು ಎತ್ತಿಕೊಂಡರು, ಇಳಿಸಿದರು, ಮತ್ತೆ ಎತ್ತಿಕೊಂಡರು.

‘ಕಲ್ಪನೆ ಅಲ್ಲ. ಆ ಹುಡುಗಿಗೆ ಹೇಳಿಕೊಟ್ಟವನು ನಾನು’ ಎಂದರು. ‘ಅವರಪ್ಪ ಏನೂ ಹೇಳಿಲ್ಲ. ಅಪ್ಪನ್ನ ಸೇರಿಸಿ ಹೇಳು, ಕೇಳೋರಿಗೆ ನಾಟುತ್ತೆ ಅಂದವನೂ ನಾನೇ.’

‘ನಿಮಗೆ ಯಾರು ಹೇಳಿದ್ದು ಮೇಷ್ಟ್ರೇ?’

‘ಯಾರೂ ಇಲ್ಲ. ದಿನಾ ಸೇತುವೆ ಮೇಲೆ ಓಡಾಡ್ತೀನಿ. ಮಳೆ ಬಂದ ಮಾರನೇ ದಿನ ಹೊಳೆ ಬಣ್ಣ ನೋಡ್ತೀನಿ.’

‘ಎಷ್ಟು ದಿನದಿಂದ?’

‘ತುಂಬಾ ವರ್ಷದಿಂದ.’

ಮ್ಯಾನೇಜರು ಕುರ್ಚಿಗೆ ಒರಗಿ, ನಿಜವಾದ ಕುತೂಹಲದಿಂದಲೇ ಕೇಳಿದರು. ‘ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?’

ಆ ಪ್ರಶ್ನೆ ಹೆಂಡತಿ ಕೇಳಬಹುದೆಂದು ಮೇಷ್ಟ್ರು ಹೆದರಿದ್ದರು, ಹುಡುಗಿ ಕೇಳಬಹುದೆಂದು ಇನ್ನೂ ಹೆದರಿದ್ದರು. ಕೊಳವೆಯ ಒಡೆಯನೇ ಕೇಳುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಉತ್ತರ ಎಡಗಡೆಯೂ ಇರಲಿಲ್ಲ, ಬಲಗಡೆಯೂ ಇರಲಿಲ್ಲ. ಕೈ ನಡುಗಿ ಕಾಫಿ ಗಾಜಿನ ಮೇಲೆ ಚೆಲ್ಲಿತು. ಅದನ್ನು ಒರೆಸಲು ಹೋಗಿ ಕಪ್ಪೂ ಉರುಳಿ ಠಣ್ಣೆಂದಿತು. ಹೊರಗೆ ಕೂತಿದ್ದ ಗುಮಾಸ್ತನ ಕಿವಿ ನೆಟ್ಟಗಾಯಿತು.

ಮ್ಯಾನೇಜರು ಒಂದು ಕ್ಷಣ ಲೆಕ್ಕ ಹಾಕಿದರು. ಒಳಗಿನ ಕೆಲಸಗಾರ ಬಾಯಿ ಬಿಟ್ಟರೆ ಅದು ಸಾಕ್ಷಿ. ಹೊರಗಿನ ಮೇಷ್ಟ್ರು ಬಾಯಿ ಬಿಟ್ಟರೆ ಅದು ಬರೀ ಭಾಷಣ. ಚುನಾವಣೆಯ ಹೊತ್ತಿನಲ್ಲಿ ಯಾವುದು ಮೇಲು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸರಿ, ನಿಮ್ಮ ಮಾತನ್ನೇ ನಂಬೋಣ ಎಂದರು. ಹೀಗೆ ನಮ್ಮ ನಾಯಕರು ಬದುಕಿನ ಮೊದಲ ಪಕ್ಷಪಾತದ ಮಾತನ್ನು ಆಡಿದರು. ಅದರಲ್ಲೂ ಅರ್ಧ ನಿಜ, ಅರ್ಧ ಸುಳ್ಳು. ಅಭ್ಯಾಸಬಲ, ಎರಡೂ ಸಮ.

ಅಪ್ಪನನ್ನು ಕೆಲಸಕ್ಕೆ ಕರೆದರು, ತೊಟ್ಟಿಯಿಂದ ದೂರ, ಬಟ್ಟೆ ಮಡಿಸಿ ಕಟ್ಟುವ ಕಡೆಗೆ. ಮೇಷ್ಟ್ರ ಮೇಲೆ ಶಾಲೆಗೆ ದೂರು ಬಂತು. ಮುಖ್ಯೋಪಾಧ್ಯಾಯಿನಿ ಬೆಂಚುಗಳನ್ನೊಮ್ಮೆ ದುಃಖದಿಂದ ನೋಡಿ ಅದಲುಬದಲು ನಿಲ್ಲಿಸಿದರು, ಆ ಪಿರಿಯಡ್ಡಿನಲ್ಲಿ ಪರ್ವತಶ್ರೇಣಿಗಳ ಪಾಠ ಮಾಡಿ ಎಂದರು. ಪರ್ವತಗಳ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಊರಿಗೆ ಇಷ್ಟು ಸಾಕಾಗಿತ್ತೇ? ಠಣ್ಣೆಂದ ಕಪ್ಪಿಗೆ ಗುಮಾಸ್ತ ಉಪ್ಪುಖಾರ ಹಚ್ಚಿದ. ಮೇಷ್ಟ್ರು ಮೇಜು ಗುದ್ದಿದರು ಎಂದಾಯಿತು. ಕ್ಷೌರದಂಗಡಿ ತಲುಪುವಾಗ ಗಾಜು ಸೀಳು ಬಿಟ್ಟಿತ್ತು. ವಾರ ಕಳೆಯುವುದರೊಳಗೆ ಮೇಜು ಎರಡು ಹೋಳಾಗಿತ್ತು, ಎರಡೂ ಸಮ. ಹೊಳೆ ಉಳಿಸುವ ಅಭ್ಯರ್ಥಿ ಮನೆಗೇ ಬಂದು ವೇದಿಕೆ ಹತ್ತಬೇಕೆಂದ. ಮೇಷ್ಟ್ರು ಹಿತ್ತಲ ಬಾಗಿಲಿನಿಂದ ಹೊರಬಿದ್ದರು. ಮೊನ್ನೆವರೆಗೆ ಇವರನ್ನು ಕಂಡರೆ ಆಕಳಿಸುತ್ತಿದ್ದವರು ಈಗ ರಸ್ತೆಯಲ್ಲಿ ನಿಂತು ನಮಸ್ಕಾರ ಹೇಳತೊಡಗಿದರು. ಒಂದೊಂದು ನಮಸ್ಕಾರವೂ ಅವರಿಗೆ ಚೂರಿಯಂತೆ ನಾಟುತ್ತಿತ್ತು.

ಏಕೆಂದರೆ ಶಾಲೆಯ ಪಡಸಾಲೆಯಲ್ಲಿ ಬೇರೆ ಮಾತು ಓಡಾಡುತ್ತಿತ್ತು. ಮೂರನೆಯ ಬೆಂಚಿನವಳ ಭಾಷಣ ಅವಳದ್ದಲ್ಲವಂತೆ, ಸರ್ ಬರೆದುಕೊಟ್ಟದ್ದನ್ನು ಗಿಣಿಯ ಹಾಗೆ ಒಪ್ಪಿಸಿದಳಂತೆ, ಎಂದು. ಹುಡುಗಿ ಮತ್ತೆ ಪಕ್ಕದವಳಿಗೂ ಕೇಳಿಸದ ದನಿಗೆ ಇಳಿದಿದ್ದಳು. ಒಂದು ದಿನ ಮೆಟ್ಟಿಲ ಬಳಿ ಮೇಷ್ಟ್ರು ಒಬ್ಬರೇ ಸಿಕ್ಕಾಗ ದಾರಿಗಡ್ಡ ನಿಂತು, ‘ಅದು ನನ್ನ ಮಾತು ಸರ್’ ಎಂದಳು. ಅಷ್ಟೇ ಅಂದು ಇಳಿದುಹೋದಳು. ಮೇಷ್ಟ್ರು ಮೊದಲು ಅವಳ ಅಪ್ಪನ ಕೆಲಸ ಕಳೆದರು, ಅದನ್ನು ಬಿಡಿಸಿ ತರಲು ಅವಳ ಮಾತನ್ನು ಒತ್ತೆಯಿಟ್ಟು ಬಂದರು. ಕೆಲಸವೇನೋ ವಾಪಸು ಬಂತು. ಮಾತು ಮಾತ್ರ ಮ್ಯಾನೇಜರ ಕೋಣೆಯಲ್ಲೇ ಉಳಿದಿತ್ತು. ಮೇಷ್ಟ್ರು ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತಿದ್ದರೋ, ಜವಾನ ಬಂದು ಬೀಗ ಹಾಕಬೇಕು ಎಂದು ಎಚ್ಚರಿಸಬೇಕಾಯಿತು.

ಮನೆಯಲ್ಲಿ ಆ ರಾತ್ರಿ ಹೆಂಡತಿ ಉಪ್ಪು ಸಾಕೇ ಎಂದು ಕೇಳಿದರು. ಸಾಲದು ಎಂದರು ಮೇಷ್ಟ್ರು. ಆಕೆ ಬಡಿಸುವ ಕೈಯನ್ನು ಹಾಗೇ ಹಿಡಿದು ಗಂಡನ ಮುಖವನ್ನು ದಿಟ್ಟಿಸಿ ನೋಡಿದರು.

ಶುಕ್ರವಾರದ ಕೊನೆಯ ಪಿರಿಯಡ್ಡು. ಮೇಷ್ಟ್ರು ಬಂದರು, ಸೀಮೆಸುಣ್ಣ ಮುರಿದರು. ಎಂದಿನಂತೆ ಎರಡೂ ಸಮ. ಕೈಗೇನು ಗೊತ್ತು ಪಶ್ಚಾತ್ತಾಪ? ಪರ್ವತ ಬರೆಯಲು ತಿರುಗಿದಾಗ ಸೂಪರ್‌ವೈಸರನ ಮಗ ಎದ್ದು ನಿಂತ.

‘ಸರ್, ನೀವು ಮ್ಯಾನೇಜರ್ ಮುಂದೆ ಮೇಜು ಗುದ್ದಿ ಏನಂದ್ರಿ? ನಮ್ಮಪ್ಪನ್ನ ಕೇಳಿದ್ರೆ ಹೇಳೋದೇ ಇಲ್ಲ.’

ಇಡೀ ತರಗತಿ ಬೆಂಚಿನ ತುದಿಗೆ ಬಂತು. ಗುಡುಗು ಬೇಕಾಗಿತ್ತು ಎಲ್ಲರಿಗೂ. ಈ ಹುಡುಗನ ಕಿವಿಗೆ ಬಿದ್ದದ್ದು ಸಂಜೆಯ ಹೊತ್ತಿಗೆ ಕಾರ್ಖಾನೆಗೆ ತಲುಪುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಅಪ್ಪನ ಕೆಲಸಕ್ಕೆ ಧಕ್ಕೆಯಾಗದೆ ಮಗಳಿಗೆ ಎಷ್ಟನ್ನು ವಾಪಸು ಕೊಡಬಹುದೆಂದು ಅವರು ಮನಸ್ಸಿನಲ್ಲೇ ತೂಗಿದರು. ಅವರ ಜೀವಮಾನದ ಕೊನೆಯ ತೂಕವೋ ಏನೋ. ಮೂರನೆಯ ಬೆಂಚಿನಲ್ಲಿ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ಅವಳ ಕಡೆಗೇ ನೋಡುತ್ತ ಹೇಳಿದರು.

‘ಇವಳು ಇಲ್ಲಿ ಹೇಳಿದ್ದನ್ನೇ ಅಲ್ಲಿ ಹೇಳೋಕೆ ಹೋದೆ ಕಣಪ್ಪ. ಇವಳಷ್ಟು ಚೆನ್ನಾಗಿ ಬರಲಿಲ್ಲ. ಕೈ ನಡುಗಿ ಕಾಫಿ ಚೆಲ್ಲಿತು.’